ಅತ್ತೆಯ ವಾಚು, ನನ್ನ ಕೈ

ನನ್ನ ಓರಗಿತ್ತಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು. ಮದುವೆಯಾಗಿ ಈ ಮನೆಗೆ ಬಂದಾಗಿನಿಂದಲೂ ಇದೆ, ಕಡಿಮೆಯಾಗಿಲ್ಲ. ಅವಳು ಹಿರಿಯ ಸೊಸೆ, ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ, ಮಲ್ಲೇಶ್ವರದಲ್ಲಿ ಬೇರೆ ಮನೆ ಮಾಡಿಕೊಂಡಿದ್ದಾಳೆ. ಎದುರಿಗೆ ‘ಅಕ್ಕ’, ‘ನೀವು’ ಎನ್ನುತ್ತೇನೆ. ಇಲ್ಲಿ ಮಾತ್ರ ‘ಅವಳು’ ಎಂದೇ ಬರೆಯುತ್ತೇನೆ. ನಾನು ಎನ್.ಆರ್. ಕಾಲೋನಿಯ ಮನೆಯಲ್ಲಿ ಅತ್ತೆಯ ಜೊತೆ ಇರುವವಳು. ಅವರ ಮಾತ್ರೆ, ಕಷಾಯ, ಮುನಿಸು ಎಲ್ಲವನ್ನೂ ನೋಡಿಕೊಳ್ಳುವವಳು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಕಟ್ಟಿದವರ ಮನೆಯಲ್ಲಿ ಖಂಡಿತ ಇಬ್ಬರು ಸೊಸೆಯರು ಇದ್ದಿರಬೇಕು.

ಒಂದು ದಿನ ಅತ್ತೆ ಬಚ್ಚಲಲ್ಲಿ ಜಾರಿದರು. ಏಟೇನೂ ಆಗಲಿಲ್ಲ. ಆದರೆ ಓರಗಿತ್ತಿ ಆ ವಾರವೇ ಒಂದು ವಾಚು ತಂದು ಅತ್ತೆಯ ಕೈಗೆ ಕಟ್ಟಿದಳು. ಬಿದ್ದರೆ ತಾನೇ ಸುದ್ದಿ ಕಳಿಸುವ ವಾಚು. ಎದೆಬಡಿತ, ನಿದ್ದೆ, ನಡಿಗೆ, ಎಲ್ಲವೂ ಅವಳ ಮೊಬೈಲಿಗೆ ಹೋಗುತ್ತಿತ್ತು. ಬೀದಿಯಲ್ಲಿ ಯಾರೇ ಸಿಗಲಿ, ಅತ್ತೆ ಸೆರಗು ಸರಿಸಿ ಕೈ ತೋರಿಸುವರು.

“ನಮ್ಮ ದೊಡ್ಡ ಸೊಸೆ ಕೊಡ್ಸಿದ್ದು.”

ಪಕ್ಕದಲ್ಲಿ ಅವರ ಚೀಲ ಹಿಡಿದು ನಿಂತಿದ್ದ ಚಿಕ್ಕ ಸೊಸೆಯನ್ನು ಯಾರೂ ನೋಡುತ್ತಿರಲಿಲ್ಲ.

ಅದಕ್ಕಿಂತ ಹೆಚ್ಚು ಉರಿಸಿದ್ದು ಬೆಳಗಿನ ಫೋನು. “ಅತ್ತೆ ರಾತ್ರಿ ಸರಿಯಾಗಿ ನಿದ್ದೆ ಮಾಡಿಲ್ಲ ಕಣೇ. ಮಧ್ಯಾಹ್ನ ಸ್ವಲ್ಪ ಮಲಗ್ಸು” ಎನ್ನುವಳು ಮಲ್ಲೇಶ್ವರದಿಂದ. ನಾನು ಅದೇ ಕೋಣೆಯಲ್ಲಿ ಅತ್ತೆಯ ಮಂಚದ ಪಕ್ಕದಲ್ಲೇ ಹಾಸಿಕೊಂಡು ಮಲಗುವವಳು. ನನಗೆ ಗೊತ್ತಾಗದ ನಿದ್ದೆ ಊರಿನ ಆ ಕಡೆ ಇರುವವಳಿಗೆ ಗೊತ್ತು! ಫೋನು ಇಟ್ಟ ಮೇಲೆ ಪಾತ್ರೆಗಳು ಸ್ವಲ್ಪ ಜೋರಾಗಿಯೇ ಸದ್ದು ಮಾಡುತ್ತಿದ್ದವು.

ಆದರೆ ಆ ವಾಚಿಗೂ ಅತ್ತೆಯ ಮಡಿಗೂ ಆಗಿಬರಲಿಲ್ಲ. ಸ್ನಾನ ಮಾಡಿ, ಗಳದ ಮೇಲೆ ಒಣಗಿದ ಸೀರೆ ಉಟ್ಟರೆಂದರೆ ಪೂಜೆ, ಅಡುಗೆ ಮುಗಿದು ಊಟವಾಗುವ ತನಕ ಅವರು ಯಾರನ್ನೂ ಮುಟ್ಟುವುದಿಲ್ಲ. “ರಬ್ಬರ್ ಪಟ್ಟಿ ಮಡಿಗೆ ಬರತ್ತೇನೇ? ಅದನ್ನ ಕಟ್ಕೊಂಡು ದೇವರ ಪಾತ್ರೆ ಮುಟ್ಲಾ?” ಎಂದು ಮೊದಲ ದಿನವೇ ವಾಚು ಬಿಚ್ಚಿ ಕಿಟಕಿಯಲ್ಲಿ ಇಟ್ಟರು. ಸ್ವಲ್ಪ ಹೊತ್ತಿಗೆ ಫೋನು ಬಂತು. ಬಿಚ್ಚಿದ್ದು ಅವಳಿಗೆ ಗೊತ್ತಾಗಿತ್ತು. ಊರಿಗೆಲ್ಲ ಜೋರು ಮಾಡುವ ಅತ್ತೆ ಹಿರಿಯ ಸೊಸೆಯ ಮುಂದೆ ಮಾತ್ರ ಮೆತ್ತಗೆ. “ಚಾರ್ಜಿಗೆ ಹಾಕಿದ್ದೆ ಕಣಮ್ಮ” ಎಂದು ದೇವರ ಮನೆಯ ಬಾಗಿಲಲ್ಲೇ ನಿಂತು ಸುಳ್ಳು ಹೇಳಿದರು. ಅವರನ್ನು ಮುಟ್ಟದ ಹಾಗೆ ಫೋನು ಹಿಡಿದಿದ್ದವಳು ನಾನು.

ಮರುದಿನ ಸ್ನಾನಕ್ಕೆ ಹೋಗುವ ಮುಂಚೆ ನನ್ನನ್ನು ಕರೆದರು.

“ಬಾ ಇಲ್ಲಿ, ಕೈ ಕೊಡು. ಊಟದ ಹೊತ್ತಿನ ತನಕ ಇದು ನಿನ್ನ ಕೈಲಿರ್ಲಿ. ಅವಳಿಗೆ ಹೇಳ್ಬೇಡ.”

ಆ ಕ್ಷಣ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ. ಅವಳಿಗೆ ಗೊತ್ತಿಲ್ಲದ ಒಂದು ಗುಟ್ಟು ಅತ್ತೆಗೂ ನನಗೂ ಮಾತ್ರ ಇತ್ತು. ಅತ್ತೆಯ ಕೈಯ ಬಿಸಿ ಇನ್ನೂ ಆ ಪಟ್ಟಿಯಲ್ಲಿತ್ತು. ಬಳೆಗಳ ಮಧ್ಯೆ ಕಟ್ಟಿಕೊಂಡೆ.

ಸಂತೋಷ ಹೆಚ್ಚು ದಿನ ಉಳಿಯಲಿಲ್ಲ. ವಾಚು ಕಟ್ಟಿಕೊಂಡೇ ನಾನು ಗಾಂಧಿ ಬಜಾರಿಗೆ ಹೋಗಿ ಸೊಪ್ಪು, ಹೂವು ತರುತ್ತಿದ್ದೆ. ಮಹಡಿ ಹತ್ತಿ ಬಟ್ಟೆ ಹರವುತ್ತಿದ್ದೆ. ಒಂದು ಭಾನುವಾರ ಓರಗಿತ್ತಿ ಬಂದವಳೇ ಮೊಬೈಲು ತೆಗೆದು ಎಲ್ಲರಿಗೂ ತೋರಿಸಿದಳು. “ಅತ್ತೆ ಎಷ್ಟು ಚೆನ್ನಾಗಿ ನಡೀತಿದ್ದಾರೆ ನೋಡಿ! ಈ ವಯಸ್ಸಲ್ಲಿ! ನಮಗೆ ನಾಚಿಕೆ ಆಗ್ಬೇಕು.” ಅತ್ತೆ ಒಂದಿಷ್ಟೂ ಅಳುಕದೆ, “ಏನೋಮ್ಮ, ದೇವರು ನಡೆಸ್ತಾನೆ” ಎಂದರು. ನನ್ನ ಗಂಡನೂ ತಲೆದೂಗಿದ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ನಡೆದ ಕಾಲು ನನ್ನದು, ಹೊಗಳಿಕೆ ಅವರಿಗೆ. ಆಗ ಅತ್ತೆಯ ಮೇಲೂ ಹೊಟ್ಟೆ ಉರಿಯಿತು.

ಹೀಗೆ ಕೆಲವು ತಿಂಗಳು ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಓರಗಿತ್ತಿ ಕಾಲೇಜಿಗೆ ರಜಾ ಹಾಕಿ, ಹೇಳದೆ ಕೇಳದೆ ನಮ್ಮ ಬಾಗಿಲಿಗೆ ಬಂದು ನಿಂತಳು. ಮುಖ ಇಳಿದುಹೋಗಿತ್ತು. ಅತ್ತೆಯ ಊಟ ಆಗಿ, ವಾಚು ಆಗಷ್ಟೇ ಅವರ ಕೈಗೆ ಹೋಗಿತ್ತು, ಪುಣ್ಯ.

“ಅತ್ತೆ ಎದೆಬಡಿತ ಸರಿಯಿಲ್ಲ. ಬೆಳಗಿನ ಹೊತ್ತು ತಾಳ ತಪ್ತಾ ಇದೆ. ನಾಲ್ಕು ದಿನದಿಂದ ನೋಡ್ತಿದೀನಿ. ನೀನು ಮನೇಲೇ ಇರ್ತೀಯಲ್ಲ, ಗೊತ್ತಾಗ್ಲಿಲ್ವಾ?”

ನನಗೆ ಆ ಕೊನೆಯ ಮಾತು ಮಾತ್ರ ಕೇಳಿಸಿತು. ಅದು ಚುಚ್ಚಿದ ಭರಕ್ಕೆ ಉಳಿದದ್ದು ತಲೆಗೆ ಹೋಗಲೇ ಇಲ್ಲ. ಬೆಳಗಿನ ಹೊತ್ತು ಆ ವಾಚು ಯಾರ ಕೈಯಲ್ಲಿರುತ್ತದೆ ಎನ್ನುವುದು ಹೊಳೆದದ್ದು ಆಟೋದಲ್ಲಿ ಬಸವನಗುಡಿಯ ಹೃದಯದ ಡಾಕ್ಟರ ಹತ್ತಿರ ಹೋಗುವಾಗ. ಅತ್ತೆಯ ಮುಖ ನೋಡಿದೆ. ಅವರು ಹೊರಗೆ ನೋಡುತ್ತಿದ್ದರು. ಹೇಳಬೇಡ ಎಂದಿದ್ದರಲ್ಲ, ನಾನು ಹೇಳಲಿಲ್ಲ. ಹೇಳಿದರೆ ನಮ್ಮಿಬ್ಬರದು ಅಂತ ಇದ್ದದ್ದೂ ಹೋಗುತ್ತಿತ್ತು.

ಡಾಕ್ಟರು ಅತ್ತೆಯನ್ನು ಮಲಗಿಸಿ ಇಸಿಜಿ ತೆಗೆದರು. “ಅಜ್ಜಿ ಎದೆ ಗಟ್ಟಿಯಾಗಿದೆ, ಏನೂ ತೊಂದರೆ ಇಲ್ಲ” ಎಂದರು. ಓರಗಿತ್ತಿ ಬಿಡಲಿಲ್ಲ. ಮೊಬೈಲನ್ನು ಅವರ ಮುಂದೆ ಹಿಡಿದಳು. ಡಾಕ್ಟರು ನೋಡಿದರು, ಮತ್ತೆ ಅತ್ತೆಯನ್ನು ನೋಡಿದರು. “ಇದು ಇವರದ್ದೇನಾ?” ಎಂದರು.

ಅತ್ತೆ ಎದ್ದು ಕುಳಿತರು. ಸೆರಗು ಸರಿಮಾಡಿಕೊಂಡರು. ಹಿರಿಯ ಸೊಸೆಯ ಕಡೆ ನೋಡದೆ ಡಾಕ್ಟರಿಗೇ ಹೇಳಿದರು.

“ನಂದಲ್ಲ ಡಾಕ್ಟ್ರೇ. ಬೆಳಿಗ್ಗೆ ಮಡೀಲಿ ಇರ್ತೀನಿ ಅಂತ ವಾಚನ್ನ ಇವಳ ಕೈಗೆ ಕಟ್ತೀನಿ. ದಿನಾ ಕಟ್ತೀನಿ. ಅದು ಇವಳ ಎದೆ. ಮೊದಲು ಇವಳನ್ನ ನೋಡಿ.”

ನನ್ನನ್ನು ಮಲಗಿಸಿದರು. ಅತ್ತೆ ನನ್ನ ಬಳೆ ತೆಗೆದು ತಮ್ಮ ಕೈಗೆ ಹಾಕಿಕೊಂಡರು. ಯಂತ್ರದಿಂದ ಕಾಗದ ಹೊರಬಂದ ಮೇಲೆ ಡಾಕ್ಟರು ನಗಲಿಲ್ಲ. ಬಡಿತ ನಿಜವಾಗಿಯೂ ತಪ್ಪುತ್ತಿದೆ, ಮಾತ್ರೆ ಶುರು ಮಾಡೋಣ, ಇನ್ನೂ ಕೆಲವು ಪರೀಕ್ಷೆ ಆಗಬೇಕು, ಸಮಯಕ್ಕೆ ಬಂದಿದ್ದೀರಿ ಎಂದರು. ಹೀಗೇ ಬಿಟ್ಟಿದ್ದರೆ ಪಾರ್ಶ್ವವಾಯು ಹೊಡೆಯುವ ಸಾಧ್ಯತೆ ಇತ್ತಂತೆ. ಹೆದರಿಕೆಯಾಯಿತು. ಹೆದರಿಕೆಯ ಜೊತೆಗೇ, ಹೇಳಬಾರದು, ಇನ್ನೊಂದೂ ಆಯಿತು. ನನ್ನ ಎದೆಯ ಸುದ್ದಿಯೂ ನನಗಿಂತ ಮೊದಲು ಅವಳಿಗೇ ಗೊತ್ತಾಗಿತ್ತು.

ವಾಪಸು ಬರುವಾಗಲೂ ಆಟೋ ಹಿಡಿದೆವು. ಅತ್ತೆ ನಡುವೆ ಕೂತರು. ಓರಗಿತ್ತಿ ಬಗ್ಗಿ ನನ್ನ ಕಡೆ ನೋಡಿದಳು. ಕಣ್ಣು ಕೆಂಪಾಗಿತ್ತು.

“ನಿಂಗೆ ಏನೂ ಅನ್ನಿಸ್ಲಿಲ್ವೇನೇ? ಎದೆ ಹಾರಿದ ಹಾಗೆ?”

“ಅನ್ನಿಸ್ತಿತ್ತು ಅಕ್ಕ. ನಿಮ್ಮ ಫೋನ್ ಬಂದಾಗ ಜಾಸ್ತಿ ಆಗೋದು. ನಿಮ್ಮ ಮೇಲಿನ ಹೊಟ್ಟೆಕಿಚ್ಚು ಅಂತ ಅನ್ಕೊಂಡೆ.”

ಯಾಕೆ ಹಾಗೆ ಹೇಳಿಬಿಟ್ಟೆನೋ ಗೊತ್ತಿಲ್ಲ. ಡಾಕ್ಟರು ಹೆದರಿಸಿದ್ದರ ಫಲ ಇರಬೇಕು. ಅವಳು ಬೈಯುತ್ತಾಳೆ ಅಥವಾ ನಗುತ್ತಾಳೆ ಅಂದುಕೊಂಡೆ. ಎರಡೂ ಮಾಡಲಿಲ್ಲ.

“ನಾನ್ಯಾಕೆ ಆ ವಾಚ್ ತಂದೆ ಅನ್ಕೊಂಡಿದೀಯ?” ಎಂದಳು. “ಅತ್ತೆ ಬಿದ್ದಾಗ ಕೂಗಿದ್ದು ನಿನ್ನ ಹೆಸರು. ನನಗೆ ಸುದ್ದಿ ಬಂದದ್ದು ಸಾಯಂಕಾಲ. ನಿಂಗೆ ಅವರು ಕಣ್ಣೆದುರಿಗೇ ಇದ್ದಾರೆ, ನಂಗೆ ಮೊಬೈಲಲ್ಲಾದ್ರೂ ಇರ್ಲಿ ಅಂತ ತಂದೆ. ಹೊಟ್ಟೆಕಿಚ್ಚು ನಿನ್ನೊಬ್ಬಳದ್ದೇನಾ?”

ಇಷ್ಟು ವರ್ಷ ಅವಳ ಹತ್ತಿರ ಇಲ್ಲದ್ದು ನನ್ನ ಹತ್ತಿರ ಏನೂ ಇಲ್ಲ ಎಂದೇ ನಂಬಿದ್ದೆ. ಆಟೋ ಡಿ.ವಿ.ಜಿ. ರಸ್ತೆಗೆ ತಿರುಗಿತು. ನಡುವೆ ಕೂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಮುಂದಕ್ಕೆ ಬಾಗಿ ಡ್ರೈವರಿಗೆ ಹೇಳಿದರು.

“ಸ್ವಲ್ಪ ನಿಧಾನ ಹೋಗಪ್ಪ. ನಮಗೇನೂ ಅರ್ಜೆಂಟಿಲ್ಲ.”

ಹಾಗೆ ಹೇಳುವಾಗ ಅವರ ಒಂದು ಕೈ ಕಂಬಿಯ ಮೇಲಿತ್ತು. ಇನ್ನೊಂದು ಓರಗಿತ್ತಿಯ ತೊಡೆಯ ಮೇಲಿತ್ತು. ಅದನ್ನೂ ನಾನು ನೋಡಿದೆ.