ತಿರುವಿನಲ್ಲಿ ತಪ್ಪಿದ ಹದ

ವಡೋದರಾದ ಗೋರ್ವಾ ಬಡಾವಣೆಯ ಆ ವಸತಿ ಸೊಸೈಟಿಯಲ್ಲಿ ಸಂಜೆ ವಾಕಿಂಗಿಗೆ ಹೊರಟವರೆಲ್ಲ ಮೊಬೈಲ್ ನೋಡುತ್ತ ನಡೆದರೆ, ದೊಡ್ಡಣ್ಣನವರು ನೆಲ ನೋಡುತ್ತ ನಡೆಯುತ್ತಿದ್ದರು. ಹುಲ್ಲು ಕಂಡಲ್ಲಿ ಚಪ್ಪಲಿ ಬಿಟ್ಟು ಹಿಮ್ಮಡಿ ಊರಿ ಒತ್ತುವುದು ಅವರ ಚಾಳಿ. ಮುದುಕಪ್ಪ ಏನೋ ಕಳೆದುಕೊಂಡಿದ್ದಾರೆಂದು ಪಕ್ಕದ ಬ್ಲಾಕಿನ ಹೆಂಗಸರು ತಾವೂ ಬಗ್ಗಿ ಹುಡುಕಿದ್ದುಂಟು. ಏನೂ ಇಲ್ಲ ಎಂದು ಹೇಳಲು ಇವರಿಗೆ ಗುಜರಾತಿ ಬಾರದು. ಕೈಮುಗಿದು ನಕ್ಕು ಮುಂದೆ ಹೋಗುತ್ತಿದ್ದರು.

ಮೈಸೂರಿನ ರೇಸ್ ಕೋರ್ಸಿನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸದಲ್ಲೇ ತಲೆ ನರೆಸಿಕೊಂಡವರು ಅವರು. ರೇಸಿನ ದಿನ ಬೆಳಗ್ಗೆ ತೂಕದ ಸಲಾಕೆಯನ್ನು ನೆಲಕ್ಕೆ ಬಿಟ್ಟು ಎಷ್ಟು ಇಳಿಯಿತೆಂದು ನೋಡಬೇಕು. ಕಡಿಮೆ ಇಳಿದರೆ ನೆಲ ಗಟ್ಟಿ, ಹೆಚ್ಚು ಇಳಿದರೆ ಮೆದು. ಸಲಾಕೆ ಸಾಹೇಬರ ಕೈಯಲ್ಲಿ, ಹಿಮ್ಮಡಿ ದೊಡ್ಡಣ್ಣನವರದು. ಕೆಲವು ಸಲ ಸಲಾಕೆ ಗೆಲ್ಲುತ್ತಿತ್ತು, ಕೆಲವು ಸಲ ಹಿಮ್ಮಡಿ. ಗೆದ್ದ ಕುದುರೆಗೆ ಹಾರ ಹಾಕುತ್ತಾರೆ, ಓಡಿಸಿಕೊಂಡ ನೆಲಕ್ಕೆ ಯಾರು ಹಾಕುತ್ತಾರೆ? ಅದರ ಬಗ್ಗೆ ಅವರಿಗೆ ದೂರೇನೂ ಇರಲಿಲ್ಲ.

ಹೆಂಡತಿ ತೀರಿಕೊಂಡ ಮೇಲೆ ಮಗಳು ಮಂದಾಕಿನಿ ಅವರನ್ನು ವಡೋದರಾಕ್ಕೆ ಕರೆತಂದಳು. ಅವಳಿಗೆ ಬ್ಯಾಂಕಿನ ಕೆಲಸ. ಅಳಿಯ ಅನಿಲನಿಗೆ ಸೂರತ್ತಿನ ಬಟ್ಟೆ ಕಂಪನಿಯಲ್ಲಿ ನೌಕರಿ, ಮನೆಗೆ ಬರುವುದು ಎಂದೋ ಒಮ್ಮೆ. ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರೆ. ದೊಡ್ಡಣ್ಣನವರಿಗೆ ಬಾಯಿತ್ತು, ಆ ಊರಿನ ಮಾತಿರಲಿಲ್ಲ. ಉಳಿದವಳು ಮೊಮ್ಮಗಳು ಮೇದಿನಿ, ಹತ್ತನೇ ಕ್ಲಾಸು. ಹುಟ್ಟಿದ್ದು ಬೆಳೆದದ್ದು ಗುಜರಾತಿನಲ್ಲೇ ಆದ್ದರಿಂದ ಅವಳ ಕನ್ನಡಕ್ಕೆ ಒಂದು ಕಾಲು ಕುಂಟು.

ತಾತ ಮೊಮ್ಮಗಳನ್ನು ಹತ್ತಿರ ಮಾಡಿದ್ದು ಕುದುರೆಯೇ. ಅವಳು ಫೋನಿನಲ್ಲಿ ದೇಶದೇಶದ ರೇಸು ಹಾಕುವಳು. ಇವರು ಕುದುರೆ ಬಿಟ್ಟು ಗೊರಸಿನ ಕೆಳಗೆ ನೋಡುವರು.

"ಇದು ಐರ್ಲೆಂಡೇ ಇರ್ಬೇಕು ನೋಡು ಪುಟ್ಟಿ. ಮಣ್ಣು ಹೆಂಟೆಹೆಂಟೆಯಾಗಿ ಹಾರ್ತಾ ಇದೆ. ಮಳೆ ಕುಡಿದ ನೆಲ. ಇಲ್ಲಿ ಚುರುಕಿನ ಕುದುರೆ ಬೇಡ, ದಮ್ಮಿರೋದು ಬೇಕು."

"ಮತ್ತೆ ಜಪಾನ್, ತಾತ?"

"ಅದು ಗಟ್ಟಿ ಹುಲ್ಲು. ಅಲ್ಲಿ ಬಾಣದ ಹಾಗೆ ಹೋಗಿದ್ದು ಫ್ರಾನ್ಸಿನ ಒದ್ದೆ ಹುಲ್ಲಿಗೆ ಬಂದ್ರೆ ಕಾಲೆಳೀತದೆ. ಕುದುರೆ ಕೆಟ್ಟದ್ದಲ್ಲ, ನೆಲ ಬೇರೆ."

ಆಸ್ಟ್ರೇಲಿಯಾದವರು ನೆಲಕ್ಕೆ ಪರೀಕ್ಷೆಯ ಹಾಗೆ ಒಂದರಿಂದ ಹತ್ತರವರೆಗೆ ನಂಬರು ಕೊಡುತ್ತಾರೆ, ಅಮೆರಿಕದವರು ಹುಲ್ಲಿಗಿಂತ ಬರೀ ಮಣ್ಣಿನ ಮೇಲೇ ಹೆಚ್ಚು ಓಡಿಸುತ್ತಾರೆ ಎಂದೆಲ್ಲ ಮೇದಿನಿ ಹುಡುಕಿ ಹೇಳಿದಳು. ಒಮ್ಮೆ ತಾತ ಆರಿಸಿದ ಕುದುರೆ ಗೆದ್ದಾಗ "ನಿನ್ನ ಘೋಡಾ ಮೊದಲು ಬಂದಳು!" ಎಂದು ಕುಣಿದಳು. ದೊಡ್ಡಣ್ಣನವರು ತಿದ್ದಲಿಲ್ಲ. ಮಗು ತನ್ನೊಡನೆ ಕನ್ನಡ ಆಡುತ್ತದಲ್ಲ, ಅಷ್ಟು ಸಾಕೆನಿಸಿತ್ತು.

ಆ ಹುಚ್ಚೇ ಅವಳನ್ನು ಊರಾಚೆಯ ಸವಾರಿ ಶಾಲೆಗೆ ಒಯ್ದಿತು. ಅದರ ಯಜಮಾನ ಹರ್ಪಾಲ್‌ಸಿಂಹ, ಎಲ್ಲರ ಬಾಯಲ್ಲಿ ಬಾಪು. ಮೀಸೆ ದೊಡ್ಡದು, ಮನಸ್ಸೂ ಸಣ್ಣದಲ್ಲ. ಅವನು ಮೇದಿನಿಗೆ ಕೊಟ್ಟದ್ದು ಕೇಸರ್ ಎಂಬ ಕಾಠಿಯಾವಾಡಿ ತಳಿಯ ಹೆಣ್ಣುಕುದುರೆ. ಕಿವಿಯ ತುದಿಗಳು ಒಂದಕ್ಕೊಂದು ಗುಟ್ಟು ಹೇಳುವಂತೆ ಒಳಗೆ ಬಾಗಿದ್ದವು. ಹುಡುಗಿ ತಿನ್ನುವ ಚಿಕ್ಕಿಯಲ್ಲಿ ಅರ್ಧ ಕುದುರೆಗೆ ಹೋಗುತ್ತಿತ್ತು.

ಸಂಕ್ರಾಂತಿಯ ಉತ್ತರಾಯಣ ಹಬ್ಬ ಕಳೆದ ಮೇಲಿನ ಭಾನುವಾರ ಸವಾರಿ ಶಾಲೆಯ ಮಕ್ಕಳಿಗೆ ಕುದುರೆ ಓಟವೆಂದಾಯಿತು. ಜೂಜಿಲ್ಲ, ಒಂದು ಕಪ್ಪು, ಒಂದಿಷ್ಟು ಚಪ್ಪಾಳೆ. ಮಂದಾಕಿನಿ ಬರಲಿಲ್ಲ. "ನಾನು ನೋಡಿದ್ರೆ ಎದೆ ಒಡ್ಕೊಂಡೇನು ಅಪ್ಪ. ನಿನಗೆ ಗೊತ್ತಿರೋ ವಿಷಯ ಇದು. ನೀನಿದ್ದೀಯಲ್ಲ, ಅಷ್ಟೇ ಧೈರ್ಯ" ಎಂದು ಬಾಗಿಲಲ್ಲಿ ನಿಂತು ಕಳಿಸಿಕೊಟ್ಟಳು. ದೊಡ್ಡಣ್ಣನವರ ಬೆನ್ನು ಆ ಮಾತಿಗೆ ಸ್ವಲ್ಪ ನೆಟ್ಟಗಾಯಿತು.

ಮೈದಾನಕ್ಕೆ ಹೋದವರೇ ಅವರು ಚಪ್ಪಲಿ ಬಿಟ್ಟರು. ಎರೆಮಣ್ಣು, ಚಳಿಗಾಲದಲ್ಲಿ ಒಣಗಿ ಕಲ್ಲಾದದ್ದು, ಮೇಲೆ ಬಡಕಲು ಹುಲ್ಲು. ಗಟ್ಟಿಯಾದರೇನಂತೆ, ಕುದುರೆಗಳು ಹುಟ್ಟಿದಾಗಿನಿಂದ ಇದರ ಮೇಲೇ ಓಡಿವೆ ಎಂದುಕೊಂಡು ಮುಂದೆ ಹೋದರು. ಶಾಮಿಯಾನದ ಎದುರಿನ ತಿರುವಿಗೆ ಬಂದಾಗ ಹಿಮ್ಮಡಿ ಸರ್ರನೆ ಜಾರಿತು. ಬಂದ ಅತಿಥಿಗಳ ಮೇಲೆ ಧೂಳು ಹಾರದಿರಲೆಂದು ಅಲ್ಲಿಗೆ ಮಾತ್ರ ಟ್ಯಾಂಕರಿನಿಂದ ನೀರು ಬಿಟ್ಟಿದ್ದರು. ಮೇಲೆ ಬೆಣ್ಣೆಯಂಥ ಕೆಸರು, ಕೆಳಗೆ ಕಲ್ಲು. ನೆಲ ಪೂರ್ತಿ ಗಟ್ಟಿಯಿದ್ದರೆ ಕುದುರೆ ಹೊಂದಿಕೊಳ್ಳುತ್ತದೆ, ಪೂರ್ತಿ ಮೆದುವಿದ್ದರೂ ಹೊಂದಿಕೊಳ್ಳುತ್ತದೆ. ಗಟ್ಟಿಯನ್ನು ನಂಬಿ ನೆಗೆಯುತ್ತ ಬಂದ ಕುದುರೆಗೆ ತಿರುವಿನಲ್ಲಿ ಜಾರು ಸಿಕ್ಕರೆ ದೇವರೇ ಗತಿ.

ಅವರು ಏದುಸಿರು ಬಿಡುತ್ತ ಮೇದಿನಿಯ ಬಳಿ ಬಂದರು. ಅವಳು ಹೆಲ್ಮೆಟ್ ಹಾಕಿ ಕೇಸರ್ ಮೇಲೆ ಕೂತಾಗಿತ್ತು.

"ಪುಟ್ಟೀ, ಬಾಪುಗೆ ಹೇಳು. ಆ ತಿರುವಿನಲ್ಲಿ ಹದ ಇಲ್ಲ. ಹದ ಮಾಡಿಸದೆ ಓಡಿಸೋದು ಬೇಡ ಅಂತ ಹೇಳು. ಬೇಗ!"

ಹದ. ಮಣ್ಣಿಗೆ, ಪಾಕಕ್ಕೆ, ಹಿಟ್ಟಿಗೆ, ಎಲ್ಲಕ್ಕೂ ಅವರ ಬಾಯಿಗೆ ಬರುವ ಮಾತು ಅದೊಂದೇ. ಅವಸರದಲ್ಲಿದ್ದ ಹುಡುಗಿ ತಿರುವಿನತ್ತ ಒಮ್ಮೆ ನೋಡಿ, ಅಲ್ಲಿ ಅದು ಇಲ್ಲವೆಂದು ತಾತ ಹೇಳುತ್ತಿದ್ದಾರೆ ಎಂದು ಬಾಪುವಿಗೆ ಗುಜರಾತಿಯಲ್ಲಿ ಕೂಗಿ ಹೇಳಿದಳು: "ಬಾಪು, ನಾನಾ ಕಹೇ ಛೇ ಕೆ ತ್ಯಾಂ ಹದ್ ನಥೀ!"

ತನ್ನ ಮಾತು ಅವಳ ಗುಜರಾತಿಯಲ್ಲೂ ಹಾಗೇ ಕೇಳಿಸಿದ್ದಕ್ಕೆ ದೊಡ್ಡಣ್ಣನವರಿಗೆ ಸಮಾಧಾನವಾಯಿತು. ಬಾಪು ಹಣೆಗೆ ಕೈಯಿಟ್ಟು ತಿರುವನ್ನು ನೋಡಿದ, ನಿಜವೆಂದು ತಲೆದೂಗಿದ, "ಸಾಚೀ ವಾತ್, ದಾದಾ!" ಎಂದು ಇಬ್ಬರು ಆಳುಗಳನ್ನು ಅಟ್ಟಿದ. ಅವರು ಓಡಿದ್ದನ್ನು ಕಂಡು, ಪರವಾಗಿಲ್ಲ, ಕೇಳುವ ಜನ ಎಂದುಕೊಂಡರು ಇವರು. ಇನ್ನು ಮರಳು ಹರಡುತ್ತಾರೆ, ಇಲ್ಲವೆ ತಿರುವನ್ನೇ ಬಿಟ್ಟು ಓಡಿಸುತ್ತಾರೆ.

ಆಳುಗಳು ಗೂಟ ಹೊಡೆದರು. ಗೂಟದಿಂದ ಗೂಟಕ್ಕೆ ಹಗ್ಗ ಕಟ್ಟಿ, ನಿಂತಿದ್ದ ಜನರನ್ನು ಹಿಂದೆ ಸರಿಸಿದರು. ಅಂಚಿಗೆ ಬಿಳಿಯ ಸುಣ್ಣದ ಗೆರೆ ಎಳೆದರು.

ಆಗ ದೊಡ್ಡಣ್ಣನವರಿಗೆ ಹೊಳೆಯಿತು. ಹದ್! ಗಡಿ, ಎಲ್ಲೆ. ನಮ್ಮಲ್ಲೂ ಹದ್ದು ಮೀರಬೇಡ ಎನ್ನುವುದಿಲ್ಲವೆ, ಆ ಹದ್ದು. ಅಲ್ಲಿ ಅಂಚಿಗೆ ಹಗ್ಗವಿಲ್ಲವೆಂದು ತಾತ ಹೇಳುತ್ತಿದ್ದಾರೆ ಎಂದೇ ಹುಡುಗಿ ತಿಳಿದಿದ್ದಳು. ಹಗ್ಗ ನಿಜಕ್ಕೂ ಇರಲಿಲ್ಲವಾದ್ದರಿಂದ ಯಾರಿಗೂ ಸಂಶಯ ಬಂದಿರಲಿಲ್ಲ.

ಅಷ್ಟರಲ್ಲಿ ಕುದುರೆಗಳು ಮೈದಾನದ ಆ ತುದಿಯಲ್ಲಿ ಸಾಲಾಗಿ ನಿಂತಿದ್ದವು. ಮೇದಿನಿ ಕೂಗಳತೆಯ ಆಚೆ. ದೊಡ್ಡಣ್ಣನವರು ಹಗ್ಗ ಹಿಡಿದು "ನಿಲ್ಲಿಸ್ರೋ!" ಎಂದು ಕೂಗಿದರು. ಮುದುಕಪ್ಪ ಹುರಿದುಂಬಿಸುತ್ತಿದ್ದಾರೆಂದು ಜನ ನಕ್ಕರು. ಹಿಂದಿಯಲ್ಲಿ ತಮಗೆ ಬರುವ ಒಂದೆರಡು ಮಾತುಗಳಲ್ಲಿ ಬೇಕಾದದ್ದನ್ನು ಹೆಕ್ಕಿ, ಕೆಸರಿನತ್ತ ಕೈಮಾಡಿ ಅರಚಿದರು: "ಪಾನೀ! ಪಾನೀ!"

ಒಬ್ಬಾಕೆ ಗಾಬರಿಯಿಂದ ಎದ್ದು ಬಂದು ಅವರ ಕೈಗೆ ನೀರಿನ ಬಾಟಲಿ ಕೊಟ್ಟಳು. ಇನ್ನೊಬ್ಬ ಕುರ್ಚಿ ತಂದ. "ಬೇಸೋ ದಾದಾ, ಬೇಸೋ" ಎಂದು ಭುಜ ಹಿಡಿದು ಕೂರಿಸಿದರು. ಎಂಥ ಒಳ್ಳೆಯ ಜನ! ಆ ಒಳ್ಳೆಯತನದ ಕೈಗಳಿಂದ ಬಿಡಿಸಿಕೊಂಡು ಏಳುವುದರೊಳಗೆ ಗೊರಸಿನ ಸದ್ದು ಬಂದೇಬಿಟ್ಟಿತು.

ಕೇಸರ್ ಎಲ್ಲರಿಗಿಂತ ಮುಂದಿತ್ತು. ತಿರುವಿನಲ್ಲಿ ಅದರ ಮುಂಗಾಲು ಜಾರಿತು, ಮೈಯೆಲ್ಲ ಆ ಕಾಲಿನ ಮೇಲೆ ಬಿತ್ತು. ಮೇದಿನಿ ಹಾರಿ ಹಗ್ಗದ ಬುಡಕ್ಕೆ ಬಂದು ಬಿದ್ದಳು.

ಹುಡುಗಿಗೆ ಕೊರಳ ಬುಡದ ಕಾಲರ್ ಮೂಳೆ ಮುರಿದಿತ್ತು, ಜೀವಕ್ಕೆ ಏನೂ ಆಗಿರಲಿಲ್ಲ. ಕೇಸರ್ ಎದ್ದು ನಿಲ್ಲಲು ನೋಡಿತು. ನೆಲಕ್ಕೆ ಊರಿದ ಕಾಲು ಮಡಚಬಾರದ ಕಡೆಗೆ ಮಡಚಿತು. ಕುದುರೆ ಡಾಕ್ಟರು ಬಂದು ನೋಡಿ ಕೊನೆಯ ಸೂಜಿಗೆ ಸಿದ್ಧರಾದರು. ಆಳುಗಳು ಶಾಮಿಯಾನದ ಬಟ್ಟೆಯನ್ನೇ ಬಿಚ್ಚಿ ಸುತ್ತ ಮರೆ ಹಿಡಿದರು. ಮೇದಿನಿಯನ್ನು ಕಾರಿಗೆ ಹತ್ತಿಸುವಾಗ ದೊಡ್ಡಣ್ಣನವರು ಬಾಪುವಿನ ತೋಳು ಹಿಡಿದು, ಕೆಸರನ್ನು ಬೆರಳಲ್ಲಿ ತೆಗೆದು ತೋರಿಸಿದರು. ಅವನು ಕಣ್ಣು ತುಂಬಿಕೊಂಡು, ಹಣೆ ಮುಟ್ಟಿ ತೋರಿಸಿ "ಹಾಂ ದಾದಾ, ಕಿಸ್ಮತ್" ಎಂದ.

ಸಂಜೆ ಅವನೇ ಆಸ್ಪತ್ರೆಗೆ ಬಂದ. ಬಂದವನು ದೊಡ್ಡಣ್ಣನವರ ಕಾಲು ಮುಟ್ಟಿ ಮಂದಾಕಿನಿಗೆ ಏನೇನೋ ಹೇಳಿದ. ಅತ್ತು ಕೆಂಪಾದ ಕಣ್ಣಿನಿಂದ ಅವಳು ಅಪ್ಪನನ್ನು ನೋಡಿದಳು.

"ಹಗ್ಗ ಕಟ್ಟಿಸಿದ್ದು ನೀನಂತೆ ಅಪ್ಪ. ಇಲ್ದಿದ್ರೆ ಜನ ಒಳಗೆ ನುಗ್ಗಿ ಇನ್ನೂ ಎಷ್ಟು ಅನಾಹುತ ಆಗ್ತಿತ್ತೋ ಅಂತಿದ್ದಾರೆ. ನಿನ್ನ ಉಪಕಾರ ಮರೆಯಲ್ವಂತೆ."

ಬಿಸಿ ತುಪ್ಪ ಉಗುಳಲೂ ಆಗದು, ನುಂಗಲೂ ಆಗದು. ದೊಡ್ಡಣ್ಣನವರು ಕೈಮುಗಿದರು.

ಮಗಳು ಬಾಪುವನ್ನು ಕಳಿಸಿಬರಲು ಹೋದಳು. ಮಂಚದ ಮೇಲಿದ್ದ ಮೇದಿನಿ ಚೆನ್ನಾಗಿರುವ ಕೈಯಿಂದ ತಾತನ ಬೆರಳು ಹಿಡಿದಳು. ಕೇಸರ್ ಇಲ್ಲವೆಂದು ಅವಳಿಗೆ ಆಗಲೇ ಯಾರೋ ಹೇಳಿಬಿಟ್ಟಿದ್ದರು.

"ತಾತ, ಅಲ್ಲಿ ಪಾನೀ ಹಾಕಿದ್ರಂತೆ. ಅದಕ್ಕೇ ಕೇಸರ್ ಸ್ಲಿಪ್ ಆಗಿದ್ದಂತೆ. ನೀನು ನೆಲ ನೋಡ್ದೆ ಅಲ್ವಾ? ನಂಗೆ ಯಾಕೆ ಹೇಳಿಲ್ಲ?"

ಹೇಳಿದ್ದೆ ಕಂದಾ, ನಿನಗೇ ಹೇಳಿದ್ದೆ ಎಂಬ ಮಾತು ನಾಲಗೆಯ ತುದಿಗೆ ಬಂತು. ಅದನ್ನು ಆಡಿದರೆ ಕುದುರೆಯ ಸಾವು ಇವಳ ಕೊರಳಿಗೆ ಬೀಳುತ್ತದೆ. ಮೂಳೆ ಕೂಡುತ್ತದೆ, ಅದು ಕೂಡುವುದಿಲ್ಲ. ದೊಡ್ಡಣ್ಣನವರು ಅವಳ ಬ್ಯಾಂಡೇಜು ನೋಡಿದರು, ಕಿಟಕಿ ನೋಡಿದರು.

"ಗೊತ್ತಾಗಲಿಲ್ಲ ಪುಟ್ಟಿ" ಎಂದರು. "ವಯಸ್ಸಾಯ್ತು. ಕಾಲಿಗೆ ಈಗ ಏನೂ ತಿಳಿಯೋದಿಲ್ಲ."

ಮೇದಿನಿ ಅವರ ಬೆರಳು ಬಿಟ್ಟಳು.

"ಹಾಗಾದ್ರೆ ನೀನು ಯಾಕೆ ಬಂದೆ, ತಾತ?" ಎಂದು ಕೇಳಿ, ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಳು.