ಹಿಂದಿನ ಕಾರಿನ ನಿಂಬೆಹಣ್ಣು

ಬೆಳಿಗ್ಗೆ ಎದ್ದು ಫಿಲ್ಟರಿಗೆ ಬಿಸಿನೀರು ಹುಯ್ಯುವುದು. ಡಿಕಾಕ್ಷನ್ ತೊಟ್ಟಿಕ್ಕುವಷ್ಟು ಹೊತ್ತು ಅಡುಗೆಮನೆಯ ಕಿಟಕಿಗೆ ಹಣೆ ಆನಿಸಿ ಸುಮ್ಮನೆ ನಿಲ್ಲುವುದು. ವೂರ್‌ಬರ್ಗ್ ಎಂಬ ಈ ಡಚ್ ಊರಿನಲ್ಲಿ ನನ್ನ ದಿನ ಶುರುವಾಗುವುದು ಹೀಗೆ. ಕಾಲುವೆಯ ಮಂಜು ಆ ಹೊತ್ತಿಗೆ ಬೀದಿಗೆ ಹತ್ತಿರುತ್ತದೆ. ಎದುರುಮನೆಯ ಬೆಕ್ಕು ಗಾಜಿನ ಹಿಂದೆ ಕೂತು ನನ್ನನ್ನೇ ನೋಡುತ್ತಿರುತ್ತದೆ. ನಾನು ಅದನ್ನು ನೋಡುತ್ತೇನೆ. ಇಬ್ಬರಿಗೂ ಅವಸರವಿಲ್ಲ.

ಕಳೆದ ಶನಿವಾರ ಆ ಮಂಜಿನಲ್ಲಿ ನಮ್ಮ ಕ್ಯಾಂಪರ್ ನಿಂತಿತ್ತು. ಮಂಚ, ಒಲೆ, ಬಚ್ಚಲು ಎಲ್ಲ ಒಳಗೇ ಇರುವ ಗಾಡಿ. ಬೆಳ್ಳಗೆ, ದಡಕ್ಕೆ ಬಂದು ಮಲಗಿದ ದೋಣಿಯ ಹಾಗೆ. ಅದರ ಬೆನ್ನಿಗೆ ಕಬ್ಬಿಣದ ಕೊಂಡಿಯಿಂದ ಜೋಡಿಸಿದ ನಮ್ಮ ಪುಟ್ಟ ಕೆಂಪು ಕಾರು.

ಕಾರು ಯಾಕೆ ಅಂತೀರಾ? ಹೋದಲ್ಲಿ ಸುತ್ತಾಡಲೆಂದು ಇಲ್ಲಿಯವರು ಕ್ಯಾಂಪರಿಗೆ ಸೈಕಲ್ ಕಟ್ಟಿಕೊಂಡು ಹೊರಡುತ್ತಾರೆ. ಉಡುಪಿಯಿಂದ ಬಂದಿರುವ ನಮ್ಮ ಅತ್ತೆಗೆ ಮೊಣಕಾಲು ನೋವು. ಅವರನ್ನು ಸೈಕಲ್ ಹತ್ತಿಸುವುದುಂಟೇ?

ಎಳೆಯುವುದು ಸುಲಭ. ನಿಲ್ಲಿಸುವುದು? ಕ್ಯಾಂಪರ್ ನಿಂತರೂ ಹಿಂದಿನ ಕಾರಿಗೆ ಅದು ಗೊತ್ತಾಗುವುದಿಲ್ಲ. ಭಾರವನ್ನೆಲ್ಲ ತಂದು ಬೆನ್ನಿಗೆ ಗುದ್ದುತ್ತದೆ. ಹಾಗಾಗಿ ಅದಕ್ಕೂ ತನ್ನದೇ ಬ್ರೇಕ್ ಬೇಕು. ಜೈಡಾಸ್ ಎಂಬ ಆಫೀಸು ಬಡಾವಣೆಯ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ನನ್ನ ಗಂಡ ಪ್ರಸಾದ್ ಇಂಥ ವಿಷಯದಲ್ಲಿ ಬಹಳ ಶಿಸ್ತು. ಯಾವ ಜೋಡಣೆಗೆ ಅನುಮತಿ ಇದೆ, ಗಡಿ ದಾಟಿದರೆ ನಿಯಮವೇನು, ಎಲ್ಲ ಮೊದಲೇ ವಿಚಾರಿಸಿದ್ದರು. (ನಾವು ಗಡಿ ದಾಟುವವರಲ್ಲ. ಝೀಲಾಂಡ್‌ನ ಸಮುದ್ರದವರೆಗೆ, ಅಷ್ಟೆ.)

ಶುಕ್ರವಾರ ಸಂಜೆಯೇ ಬ್ರೇಕ್ ಪೆಟ್ಟಿಗೆ ಕೂರಿಸಿದರು. ಕಾರಿನ ಡ್ರೈವರ್ ಸೀಟಿನ ಮುಂದೆ ನೆಲದ ಮೇಲೆ ಕೂರುವ ಪೆಟ್ಟಿಗೆ ಅದು. ಬೆನ್ನನ್ನು ಸೀಟಿಗೆ ಒತ್ತಿಕೊಂಡು, ಒಂದು ಕೈ ಚಾಚಿ ಪೆಡಲ್ ಹಿಡಿದಿರುತ್ತದೆ. ಮುಂದೆ ನಾವು ಬ್ರೇಕ್ ತುಳಿದರೆ ಹಿಂದೆ ಅದೂ ಒತ್ತುತ್ತದೆ. ಪೆಟ್ಟಿಗೆಯ ಸಂಪರ್ಕ ಸರಿ ಇದೆ ಎಂದು ತೋರಿಸಲು ಕ್ಯಾಂಪರಿನಲ್ಲಿ ಒಂದು ಹಸಿರು ದೀಪ. ಇಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವ ತನಕ ತುಳಿದು, ಆಮೇಲೆಯೇ ಪೆಟ್ಟಿಗೆ ಸಿಕ್ಕಿಸಬೇಕಂತೆ. ಗೇರ್ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕ್ ಕೆಳಗೆ, ಸ್ಟೀರಿಂಗ್ ಲಾಕ್ ಬಿಟ್ಟಿರಬೇಕು. ಜೊತೆಗೊಂದು ತೆಳ್ಳನೆಯ ತಂತಿ. ಅಕಸ್ಮಾತ್ ಕೊಂಡಿ ಕಳಚಿದರೆ ಆ ತಂತಿ ಎಳೆದುಕೊಂಡು ಕಾರಿನ ಬ್ರೇಕ್ ತಾನೇ ಬೀಳುತ್ತದೆ. ಅದನ್ನು ಕೊಂಡಿಗೆ ಕಟ್ಟಬಾರದು, ಕ್ಯಾಂಪರಿನ ಮೈಗೇ ಕಟ್ಟಬೇಕು. ಸರಿ ತಾನೇ? ಬೀಳುವವನ ಕೈಯನ್ನೇ ಹಿಡಿದುಕೊಂಡರೆ ಏನು ಬಂತು?

ಪರೀಕ್ಷೆಗೆ ನನ್ನನ್ನು ಕಾರಿನ ಪಕ್ಕದ ಸೀಟಿನಲ್ಲಿ ಕೂರಿಸಿದರು. ಅವರು ಮುಂದೆ ಬ್ರೇಕ್ ತುಳಿದರು. ಯಾರೂ ಇಲ್ಲದ ಸೀಟಿನ ಮುಂದೆ ಪೆಡಲ್ ಮೆಲ್ಲಗೆ ತಲೆಬಾಗಿತು, ಮೆಲ್ಲಗೆ ಎದ್ದಿತು. ಕಾನ್ವೆಂಟಿನಲ್ಲಿ ಸಿಸ್ಟರ್ ಹೇಳುತ್ತಿದ್ದರು, ಬೆಂಚಿನಲ್ಲಿ ನಿನ್ನ ದೇವದೂತನಿಗೂ ಸ್ವಲ್ಪ ಜಾಗ ಬಿಡು ಅಂತ. ನಾನು ವರ್ಷವಿಡೀ ಬೆಂಚಿನ ತುದಿಯಲ್ಲೇ ಕೂರುತ್ತಿದ್ದೆ. ಆತ ಈಗ ಡ್ರೈವಿಂಗ್ ಕಲಿತಿದ್ದಾನೆ ಅನ್ನಿಸಿತು.

ಶನಿವಾರ, ಇಷ್ಟೆಲ್ಲ ಮುಗಿದ ಮೇಲೆ, ಅತ್ತೆಯ ಸರದಿ. ಕುಂಕುಮ, ಹಿತ್ತಲಿನ ಹೂವು, ಆರತಿ. ಕ್ಯಾಂಪರಿನ ಚಕ್ರಗಳ ಅಡಿಗೆ ನಿಂಬೆಹಣ್ಣು. ಇನ್ನೊಂದನ್ನು ಹಿಂದಿನ ಕಾರಿನ ಡ್ಯಾಶ್‌ಬೋರ್ಡ್ ಮೇಲಿಟ್ಟರು. ಅದರಲ್ಲಿ ಯಾರೂ ಕೂರುವುದಿಲ್ಲವಲ್ಲ ಎಂದೆ.

“ಯಾರೂ ಇಲ್ಲದ್ದಕ್ಕೇ ಹೆಚ್ಚು ಬೇಕಾದ್ದು ಮಾರಾಯ್ತಿ,” ಅಂದರು.

ಹೊರಟೆವು. ಕ್ಯಾಂಪರಿನಲ್ಲಿ ಹಿಂದಿನದನ್ನು ತೋರಿಸುವ ಪುಟ್ಟ ಸ್ಕ್ರೀನ್ ಇದೆ. ಮಂಜಿನಲ್ಲಿ ತೇಲಿ ಬರುವ ಕೆಂಪು ಕಾರು, ಅದರ ಗಾಜಿನ ಹಿಂದೆ ಒಂದು ಹಳದಿ ಚುಕ್ಕೆ. ನೋಡುತ್ತಾ ಮೈಮರೆತೆ. ಬೀದಿಯ ಕೊನೆಯಲ್ಲಿ ದ್ರೆಂಪೆಲ್ (ನಮ್ಮ ಹಂಪ್‌ನ ಡಚ್ ಅಕ್ಕ) ಹತ್ತಿ ಇಳಿದೆವು. ಮತ್ತೆ ನೋಡಿದರೆ ಚುಕ್ಕೆ ಇಲ್ಲ.

“ನಿಲ್ಲಿಸಿ,” ಎಂದೆ. “ನಿಂಬೆಹಣ್ಣು ಕಾಣ್ತಿಲ್ಲ.”

ಬಿದ್ದಿರುತ್ತೆ ಬಿಡು, ಲೇಟಾದರೆ ಹೈವೇ ಜಾಮ್ ಆಗುತ್ತೆ ಎಂದರು ಪ್ರಸಾದ್. ಹಿಂದೆ ಕೂತಿದ್ದ ಮಗಳು ಅನಘ ಬ್ರೇಕಿನ ದೀಪದ ಕಡೆ ಬೆರಳು ತೋರಿಸಿ, “ಇಟ್ಸ್ ಗ್ರೀನ್, ಅಮ್ಮಾ,” ಎಂದಳು. ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು.

ದೀಪ ಹಸಿರು ಎನ್ನುವಾಗ ಗೃಹಿಣಿಯೊಬ್ಬಳು ನಿಂಬೆಹಣ್ಣು ಎಂದರೆ ಯಾರು ಕೇಳುತ್ತಾರೆ? ಆದರೂ ಹಟ ಹಿಡಿದು ಗಾಡಿ ನಿಲ್ಲಿಸಿಸಿ ಇಳಿದೆ. ಒಂದೇ ಸಲ, ನಿನ್ನೆಯ ಹಾಗೆ ಕೂತು ನೋಡುತ್ತೇನೆ ಎಂದೆ.

ಪ್ರಸಾದ್ ಬ್ರೇಕ್ ತುಳಿದರು. ಪೆಟ್ಟಿಗೆ ಕೈ ಚಾಚಿತು. ಹಿಂದಿನ ಕೆಂಪು ದೀಪ ರಸ್ತೆಯ ಒದ್ದೆಯಲ್ಲಿ ಹೊಳೆಯಿತು. ಮುಂದೆ ಹಸಿರು ಹಾಗೇ ಇದೆ ಎಂದು ಅನಘ ಕೂಗಿದಳು. ಪೆಡಲ್ ಮಾತ್ರ ನಿನ್ನೆಯಂತೆ ತಲೆಬಾಗಲಿಲ್ಲ. ಕೊಂಚ ಇಳಿದು ತಡೆದು ನಿಂತಿತು. ಬಗ್ಗಿ ನೋಡಿದೆ. ಪೆಡಲಿನ ಅಡಿಯಲ್ಲಿ, ಪೆಟ್ಟಿಗೆಯ ಮರೆಯಲ್ಲಿ, ಚಪ್ಪಟೆಯಾಗಿ ಕೂತಿತ್ತು ಅತ್ತೆಯ ನಿಂಬೆಹಣ್ಣು.

ಎಲ್ಲ ದೀಪವೂ ಉರಿಯುತ್ತಿತ್ತು. ಬ್ರೇಕ್ ಮಾತ್ರ ಇರಲಿಲ್ಲ.

ಹೈವೇಯಲ್ಲಿ ಮುಂದಿನ ಲಾರಿ ಗಕ್ಕನೆ ನಿಂತಿದ್ದರೆ? ಅದನ್ನು ನಾನು ಪೂರ್ತಿ ಯೋಚಿಸಲಿಲ್ಲ. ಯೋಚಿಸಿದ್ದು ಬೇರೆ. ಪರೀಕ್ಷೆ ಶುಕ್ರವಾರವೇ ಮುಗಿದಿತ್ತು. ಆಮೇಲೆ ಒಳಗೆ ಹೋದದ್ದು ಒಂದೇ ಒಂದು ವಸ್ತು. ಅದೂ ಪ್ರೀತಿಯಿಂದ ಇಟ್ಟದ್ದು. ಕೆಟ್ಟದ್ದನ್ನಾದರೆ ಹುಡುಕಿ ನೋಡುತ್ತೇವೆ, ಪ್ರೀತಿಯಿಂದ ಇಟ್ಟದ್ದನ್ನು ಯಾರು ತಪಾಸಣೆ ಮಾಡುತ್ತಾರೆ ಹೇಳಿ?

ಅತ್ತೆಗೆ ಹೇಗೆ ಹೇಳುವುದು? ಹಣ್ಣನ್ನು ಮುಷ್ಟಿಯಲ್ಲಿ ಬಚ್ಚಿಟ್ಟುಕೊಂಡೇ ಕ್ಯಾಂಪರ್ ಹತ್ತಿದೆ. ವಾಸನೆ ಬಿಟ್ಟುಕೊಟ್ಟಿತು. ಅತ್ತೆ ನನ್ನ ಬೆರಳು ಬಿಡಿಸಿ ಅದನ್ನು ತೆಗೆದುಕೊಂಡರು. ಎಲ್ಲಿತ್ತು ಎಂದು ಕೇಳಿದರು. ಹೇಳಿದೆ. ಹಣ್ಣನ್ನು ತಿರುಗಿಸಿ ನೋಡಿದರು.

“ಇದು ಕಾಣ್ಲಿಲ್ಲ ಅಂತಲ್ವಾ ನೀನು ಇಳಿದದ್ದು?”

“ಹೌದು.”

“ಮತ್ತೆ? ಅದರ ಕೆಲಸ ಅದು ಮಾಡಿತಲ್ಲ.”

“ಅಮ್ಮಾ, ಅದು ಬಿದ್ದದ್ದರಿಂದಲೇ...” ಎಂದು ಶುರು ಮಾಡಿದ ಪ್ರಸಾದ್, ಅಮ್ಮನ ಮುಖ ನೋಡಿ ಬಾಗಿಲು ತೆರೆದರು. ಇಳಿದು ಹೋಗಿ ಪೆಟ್ಟಿಗೆ, ಪೆಡಲ್, ತಂತಿ ಎಲ್ಲವನ್ನೂ ಮೊದಲಿನಿಂದ ನೋಡಿದರು. ನಾನು ಪಕ್ಕದಲ್ಲಿ ಕೂತು, ಪೆಡಲ್ ಪೂರ್ತಿ ತಲೆಬಾಗುವ ತನಕ ಕಾದೆ. ಹೊರಡುವಾಗ ಕಾರಿನೊಳಗೆ ಏನೂ ಇರಲಿಲ್ಲ, ಹೊರಗೆ ಅದರ ಹಣೆಯ ಕುಂಕುಮ, ಅಷ್ಟೆ.

ಸಂಜೆ ಝೀಲಾಂಡ್‌ನ ಕ್ಯಾಂಪಿಂಗ್‌ನಲ್ಲಿ ಸಮುದ್ರ ಬೂದಿ ಬಣ್ಣಕ್ಕೆ ತಿರುಗಿತ್ತು. ಅತ್ತೆ ಕಾಲು ಚಾಚಿ ಕೂತು, ಇದಕ್ಕೆ ಮೀನಿನ ವಾಸನೆಯೇ ಇಲ್ಲ, ಇದೆಂಥ ಸಮುದ್ರ ಎನ್ನುತ್ತಿದ್ದರು. ಮೇಜಿನ ಮೇಲೆ ಆ ಚಪ್ಪಟೆ ನಿಂಬೆಹಣ್ಣು. ಪಕ್ಕದ ಕ್ಯಾಂಪರಿನ ಡಚ್ ಅಜ್ಜ ಬಟ್ಟೆ ಒಣಹಾಕಲು ಬಂದವರು ಅದನ್ನು ನೋಡಿ, ಇದಕ್ಕೇನಾಯಿತು ಎಂದರು. ಕಥೆಯೆಲ್ಲ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. ನಗಲಿಲ್ಲ. ಟವಲಿಗೆ ಕ್ಲಿಪ್ ಹಾಕುತ್ತಾ ಅಂದರು:

“ನನ್ನ ಹೆಂಡತಿಯೂ ಡ್ಯಾಶ್‌ಬೋರ್ಡ್ ಮೇಲೆ ಒಬ್ಬ ಸಂತನನ್ನು ಇಟ್ಟಿದ್ದಳು. ಆದರೆ ಅಂಟು ಹಾಕಿ ಇಟ್ಟಿದ್ದಳು.”