ಚಾವಡಿಯ ನಡುವಿನ ಅಂಕಣ

ಮರಿಬಸಪ್ಪ ಮಣ್ಣು ಹಾಕಿದ ಮಾಳಿಗೆ ಸೋರುವುದಿಲ್ಲ ಎಂದು ಕೆಂಚನಗುಡ್ಡದ ಸುತ್ತಲಿನವರೆಲ್ಲ ನಂಬಿದ್ದರು. ಎಲ್ಲರಿಗಿಂತ ಹೆಚ್ಚು ನಂಬಿದ್ದವನು ಮರಿಬಸಪ್ಪನೇ. ಒಕ್ಕಲುತನ ಅವನ ಹೊಟ್ಟೆಪಾಡು. ಮಾಳಿಗೆ ಕೆಲಸ ಅವನ ಜಂಬ. ನೀರು ಇಳಿಯಗೊಡದ ಹೊಳೆದಂಡೆಯ ಸವಳು ಮಣ್ಣನ್ನು ಚಿಟಿಕೆ ನಾಲಗೆಗಿಟ್ಟು, ಉಪ್ಪು ಸಾಲದೆನಿಸಿದರೆ ಥೂ ಎಂದು ಉಗಿದು ಗಾಡಿಯನ್ನೇ ಹಿಂದಕ್ಕೆ ಕಳಿಸುವ ಗತ್ತು!

ಧಾತು ಸಂವತ್ಸರದ ಬರ ಕಳೆದು ಹತ್ತು ವರ್ಷಕ್ಕೆ ಊರವರು ಸೇರಿ ಚಾವಡಿ ಕಟ್ಟಿದರು. ಅಲ್ಲಿಯ ತನಕ ನ್ಯಾಯ, ಪುರಾಣ, ಹರಟೆ ಎಲ್ಲಕ್ಕೂ ಬೇವಿನ ಮರದ ಕಟ್ಟೆಯೇ ಗತಿ. ಕೆಲವರು ಕಲ್ಲು ತಂದರು, ಕೆಲವರು ತೊಲೆ ಕೊಟ್ಟರು. ಮಾಳಿಗೆಯ ಮಣ್ಣಿನ ಹೊಣೆ ಮರಿಬಸಪ್ಪನದು, ಅದನ್ನು ಬಡಿದು ಗಟ್ಟಿ ಮಾಡುವ ಹೊಣೆ ಮೂಕಪ್ಪನದು. ಮೂಕಪ್ಪ ಯಾರಿಗೂ ಎದುರು ಮಾತಾಡಿ ಗೊತ್ತಿಲ್ಲದ ಬಡಪಾಯಿ.

ಅದೇ ಬೇಸಿಗೆಯಲ್ಲಿ ಮರಿಬಸಪ್ಪನ ಮಗಳು ಗುರುಬಸಮ್ಮನ ಮದುವೆ. ಬೀಗರು ಕುರುಗೋಡಿನವರು, ಕಾಲಿಡುತ್ತಲೇ ತಲೆ ಎತ್ತಿ ಮಾಳಿಗೆ ನೋಡುವ ಜನ. ಚಾವಡಿಗೆಂದು ತಂದ ಕೊನೆಯ ಸವಳಿನ ಗಾಡಿಗಳನ್ನು ಮರಿಬಸಪ್ಪ ತನ್ನ ಮನೆಯ ಮಾಳಿಗೆಗೆಂದು ಹೊಡೆದ. ಚಾವಡಿಯ ನಡುವಿನ ಅಂಕಣಕ್ಕೆ, ನಾಲ್ಕು ಕಂಬಗಳ ನಡುವಿನ ಆ ಭಾಗದ ಮಾಳಿಗೆಗೆ, ಹೊಲದ ಎರೆಮಣ್ಣು ತುಂಬಿ, ಯಾರಿಗೂ ಕಾಣದಂತೆ ಮೇಲೆ ತೆಳ್ಳಗೆ ಸವಳು ಬಳಿದ. ಎರೆಮಣ್ಣು ಬಿಸಿಲಿಗೆ ಬಿರುಕು ಬಿಡುತ್ತದೆ ಎಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಮದುವೆ ಮುಗಿಯಲಿ, ಮಳೆಗೆ ಮುಂಚೆ ಸರಿ ಮಾಡಿದರಾಯಿತು ಎಂದುಕೊಂಡ. ಮದುವೆ ಮುಗಿಯಿತು. ಮಳೆ ಅವನ ಪುರುಸೊತ್ತಿಗೆ ಕಾಯಲಿಲ್ಲ.

ಶ್ರಾವಣದ ಪುರಾಣದ ಮೊದಲ ದಿನವೇ, ನಡುವಿನ ಅಂಕಣದಲ್ಲಿ ಕೂತ ಪುರಾಣಿಕರ ಬಿಳಿ ರುಮಾಲಿನ ಮೇಲೆ ಕೆಸರು ನೀರು ತೊಟ್ಟಿಕ್ಕಿತು. ಮೊದಲು ಜನ ನಕ್ಕರು. ಆಮೇಲೆ ಊರಗೌಡ ಉಜ್ಜಿನಪ್ಪ ಎದ್ದು ನಿಂತ.

“ಮರಿಬಸಪ್ಪ ಹಾಕಿದ ಮಣ್ಣು ಸೋರಾಂಗಿಲ್ಲ. ಲೇ ಮೂಕಪ್ಪಾ, ನೀನ ಸರಿಯಾಗಿ ಬಡದಿಲ್ಲ!”

ಮೂಕಪ್ಪ ತಲೆ ತಗ್ಗಿಸಿದ. ಮರಿಬಸಪ್ಪನಿಗೆ ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು. ಆದರೂ ಬಾಯಿ ಬಿಡಲಿಲ್ಲ, ಹೇಡಿ.

ಮರುದಿನದಿಂದಲೇ ಚಾವಡಿ ಸರಿಮಾಡುವ ದಾರಿ ಹುಡುಕತೊಡಗಿದ. ಹೊಸ ಸವಳು ತರೋಣವೆಂದರೆ ತುಂಬಿದ ಹೊಳೆ ದಂಡೆಯನ್ನೆಲ್ಲ ಮುಳುಗಿಸಿತ್ತು. ಮಳೆ ಬಿಟ್ಟ ಒಂದು ಬೆಳಿಗ್ಗೆ ಸಲಿಕೆ ಹಿಡಿದು ತನ್ನ ಮನೆಯ ಮಾಳಿಗೆಯನ್ನೇ ಏರಿದ. ಹೆಂಡತಿ ಕೊಟ್ರಮ್ಮ ಅಂಗಳದಿಂದ ಕೂಗಿಕೊಂಡಳು.

“ಹುಚ್ಚು ಹಿಡದೈತೇನ್ರಿ ನಿಮಗ? ನಮ್ಮ ಮನಿ ಸೋರತೈತಿ!”

“ಸೋರ್ಲಿ ಬಿಡು.”

ಕೆದರಿದ ಮಣ್ಣನ್ನು ಗಾಡಿಯಲ್ಲಿ ಹೇರಿಕೊಂಡು ಚಾವಡಿಗೆ ಬಂದ. ಎಲ್ಲರೆದುರು ನಿಜ ಹೇಳಿಬಿಡಬೇಕು ಎಂದೇ ಮಾಳಿಗೆ ಹತ್ತಿ ನಿಂತ. ಅಷ್ಟರಲ್ಲಿ ಉಜ್ಜಿನಪ್ಪ ಕೆಳಗಿನಿಂದ ಗಟ್ಟಿಯಾಗಿ ಹೇಳಿದ.

“ನೋಡ್ರಿ, ಊರಿಗಾಗಿ ತನ್ನ ಮನಿ ಮಾಳಿಗಿ ಕೆದರ್‍ಯಾನ! ಇಂಥಾವ್ರು ಹುಟ್ಟಬೇಕ್ರಿ!”

ಜನ ಹೌದು ಹೌದೆಂದರು. ಹೇಳಬೇಕೆಂದಿದ್ದ ಮಾತು ಅಲ್ಲೇ ಉಳಿಯಿತು. ಹೊಗಳಿಕೆ ಒಂದು ಗಳಿಗೆ ಹಿತವಾಗಿಯೂ ಇತ್ತು, ಅದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಏಣಿಯ ಮೇಲೆ ನಿಂತು ಬುಟ್ಟಿ ಕೊಡುತ್ತಿದ್ದವನು ಮೂಕಪ್ಪ. ಕೊನೆಯ ಬುಟ್ಟಿ ಕೊಡುವಾಗ ಅವನ ಕಣ್ಣು ತುಂಬಿ ಬಂತು.

“ಯಣ್ಣಾ, ನಾ ಮಾಡಿದ ತಪ್ಪಿಗೆ ನಿನ್ನ ಮನಿ ಸೋರಂಗ ಆತು. ಈ ಋಣ ನಾ ಹೆಂಗ ತೀರಸ್ಲಿ?”

ಆಗಲಾದರೂ ಹೇಳಬಹುದಿತ್ತು. ಕೆಳಗೆ ಇಡೀ ಊರು ಮುಖ ಎತ್ತಿ ನೋಡುತ್ತಿತ್ತು.

“ಇರ್ಲಿ ಬಿಡಪಾ,” ಎಂದ ಮರಿಬಸಪ್ಪ. “ಈ ಸಲನಾರ ಗಟ್ಟಿಯಾಗಿ ಬಡಿ.”